ನಿಮಗಿದು ಗೊತ್ತೇ? ಸ್ಪರ್ಶ ಕಳೆದುಕೊಂಡ ಇಲಿ ಕಲಿಸಿದ ಸಂಗತಿಗಳು

ಕಣ್ಣಿನಲ್ಲಿ ಬೆಳಕನ್ನು ಹಿಡಿಯುವ ರೋಡಾಪ್ಸಿನ್ 1876ರಲ್ಲೇ ಪತ್ತೆಯಾಯಿತು. ವಾಸನೆ ಹಿಡಿಯುವ ಮೂಗಿನ ಗ್ರಾಹಿಗಳ ಜೀನ್‌ಗಳು 1991ರಲ್ಲಿ ಸಿಕ್ಕವು. ಮೈಮೇಲೆ ಇರುವೆ ಹರಿದರೂ ಥಟ್ಟನೆ ತಿಳಿಸುವ ಸ್ಪರ್ಶದ ಮೂಲ ಮಾತ್ರ, ಸಸ್ತನಿಗಳ ಮಟ್ಟಿಗೆ, 2010ರವರೆಗೂ ಗುಟ್ಟಾಗಿಯೇ ಉಳಿದಿತ್ತು. ಆಮೇಲೆ ಆ ಗುಟ್ಟನ್ನು ಒರೆಗೆ ಹಚ್ಚಿ ತೋರಿಸಿದ್ದು ಪೀಜೋ-2 ಎಂಬ ಒಂದೇ ಒಂದು ಜೀನನ್ನು ಕಳೆದುಕೊಂಡ ‘ನಾಕೌಟ್ ಇಲಿ’. ಮುಟ್ಟಿದ್ದು ತಿಳಿಯುವುದು ಚರ್ಮದ ಕೆಲಸ ಎಂದಷ್ಟೇ ನಾವು ತಿಳಿದಿದ್ದೆವು. ಉಸಿರು, ನಡಿಗೆ, ಮೂಳೆ, ಮೂತ್ರಕೋಶ, ಕರುಳು ಎಲ್ಲವೂ ಅದೇ ಅರಿವಿನ ಮೇಲೆ ನಿಂತಿವೆ ಎಂಬುದನ್ನು ಈ ಪುಟ್ಟ ಪ್ರಾಣಿ ಒಂದೊಂದಾಗಿ ತೋರಿಸಿಕೊಟ್ಟಿತು.

ಹುಡುಕಾಟದ ಕತೆ

1. ಮೊದಲ ಸುಳಿವು ಸಿಕ್ಕಿದ್ದು ತಟ್ಟೆಯಲ್ಲಿ ಬೆಳೆಸಿದ ಇಲಿಯ ಕೋಶಗಳಲ್ಲಿ. ಕ್ಯಾಲಿಫೋರ್ನಿಯದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯಲ್ಲಿ ಆರ್ಡೆಮ್ ಪಟಪೂಟಿಯನ್ ಮತ್ತು ಬೆರ್ಟ್ರಾಂಡ್ ಕೋಸ್ಟ್ ನ್ಯೂರೋ-2ಎ ಎಂಬ ಕೋಶಗಳನ್ನು ಆರಿಸಿಕೊಂಡರು. ಕೂದಲಿಗಿಂತ ತೆಳುವಾದ ಗಾಜಿನ ತುದಿಯಿಂದ ಒಂದು ಕೋಶವನ್ನು ಮೆಲ್ಲಗೆ ಅದುಮುವುದು, ಅದಕ್ಕೆ ತಗುಲಿಸಿದ ಇನ್ನೊಂದು ಗಾಜಿನ ನಳಿಕೆಯಲ್ಲಿ ವಿದ್ಯುತ್ತಿನ ಮಿಡಿತ ಕಾಣುತ್ತದೆಯೇ ಎಂದು ನೋಡುವುದು. ಅದುಮಿದಾಗಲೆಲ್ಲ ಕೋಶ ಮಿಡಿಯುತ್ತಿತ್ತು.

2. ಆ ಮಿಡಿತಕ್ಕೆ ಯಾವ ಜೀನ್ ಕಾರಣ? ಅನುಮಾನಕ್ಕೆ ಆಸ್ಪದವಿದ್ದ 72 ಜೀನ್‌ಗಳ ಪಟ್ಟಿ ತಯಾರಾಯಿತು. ಒಂದೊಂದನ್ನೇ ಅಡಗಿಸುತ್ತ, ಕೋಶವನ್ನು ಮತ್ತೆ ಮತ್ತೆ ಅದುಮುತ್ತ ಹೋದರು. ಪಟ್ಟಿ ಮುಗಿಯುತ್ತ ಬಂದರೂ ಮಿಡಿತ ನಿಲ್ಲಲಿಲ್ಲ. ಕೊನೆಗೆ, 72ನೆಯದನ್ನು ಅಡಗಿಸಿದಾಗ ಕೋಶ ಸುಮ್ಮನಾಯಿತು. ಅದೇ ಪೀಜೋ-1. ಪಟ್ಟು ಬಿಡದ ದುಡಿಮೆಗೆ ವಿಜ್ಞಾನದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

3. ಪೀಜೋ-1ರ ಹೋಲಿಕೆಯ ಜಾಡು ಹಿಡಿದಾಗ ಅದರ ಒಡಹುಟ್ಟು ಪೀಜೋ-2 ಸಿಕ್ಕಿತು. ಚರ್ಮದಿಂದ ಸುದ್ದಿ ಒಯ್ಯುವ ನರಕೋಶಗಳಲ್ಲಿ ಹೇರಳವಾಗಿ ಇರುವುದು ಈ ಎರಡನೆಯದೇ. ಎರಡರ ಸುದ್ದಿಯೂ 2010ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಟ್ಟಿಗೇ ಪ್ರಕಟವಾಯಿತು.

4. ಪೀಜೋ-2 ಎಂಬುದು ಕೋಶದ ಪೊರೆಯಲ್ಲಿ ಹುದುಗಿರುವ ಒಂದು ದೊಡ್ಡ ಪ್ರೋಟೀನ್. ಮೂರು ಒಂದೇ ಬಗೆಯ ತುಂಡುಗಳು ಸೇರಿ ಮೂರು ರೆಕ್ಕೆಯ ಸೀಲಿಂಗ್ ಫ್ಯಾನಿನಂಥ ಆಕಾರ ತಾಳುತ್ತವೆ. ಒಂದೊಂದು ತುಂಡೂ ಪೊರೆಯನ್ನು 38 ಸಲ ಹಾದುಹೋಗುತ್ತದೆ. ಮೂರೂ ಸೇರಿ 114 ಸಲ. ಪೊರೆ ಎಳೆತಕ್ಕೆ ಸಿಕ್ಕಿದಾಗ ಬಾಗಿದ ರೆಕ್ಕೆಗಳು ಚಪ್ಪಟೆಯಾಗುತ್ತವೆ, ನಟ್ಟನಡುವಿನ ಕಿಂಡಿ ತೆರೆಯುತ್ತದೆ, ವಿದ್ಯುದಂಶ ಹೊತ್ತ ಅಯಾನುಗಳು ಒಳಗೆ ನುಗ್ಗುತ್ತವೆ, ನರ ಮಿಡಿಯುತ್ತದೆ. ಇಷ್ಟೂ ನಡೆಯುವುದು ಕೆಲವೇ ಮಿಲಿಸೆಕೆಂಡುಗಳಲ್ಲಿ.

5. ಪಟಪೂಟಿಯನ್ ಹುಟ್ಟಿದ್ದು 1967ರಲ್ಲಿ, ಲೆಬನಾನಿನ ಬೈರೂತ್‌ನ ಅರ್ಮೇನಿಯನ್ ಮನೆತನದಲ್ಲಿ. ಅಂತರ್ಯುದ್ಧದ ನಾಡು ಬಿಟ್ಟು 1986ರಲ್ಲಿ ಅಮೆರಿಕಕ್ಕೆ ಬಂದ ತರುಣ ಹೊಟ್ಟೆಪಾಡಿಗೆ ಪಿಜ್ಜಾ ತಲುಪಿಸಿದರು, ಅರ್ಮೇನಿಯನ್ ಪತ್ರಿಕೆಯೊಂದಕ್ಕೆ ವಾರಭವಿಷ್ಯ ಬರೆದರು. 2021ರ ಅಕ್ಟೋಬರ್ 4ರಂದು ನೊಬೆಲ್ ಸಮಿತಿಯ ಕರೆ ಅವರಿಗೆ ತಲುಪಲೇ ಇಲ್ಲ. ಸುದ್ದಿ ಮೊದಲು ಹೋದದ್ದು 94 ವರ್ಷದ ಅವರ ತಂದೆಗೆ. ಮಗನಿಗೆ ಹೇಳಿದ್ದು ತಂದೆಯೇ. ಬಿಸಿ ಮತ್ತು ಮೆಣಸಿನ ಖಾರದ ಗ್ರಾಹಿಯನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರ ಜೊತೆ ಬಹುಮಾನ ಹಂಚಿಕೆಯಾಯಿತು.

ಇಲಿ ತಯಾರಾಗುವ ಬಗೆ

6. ನಾಕೌಟ್ ಇಲಿ ಎಂದರೆ ಗೊತ್ತುಮಾಡಿದ ಒಂದು ಜೀನನ್ನು ಕೆಡಿಸಿ ಬೆಳೆಸಿದ ಇಲಿ. ಇಂಥ ಇಲಿಗಳ ಮೊದಲ ವರದಿ ಬಂದದ್ದು 1989ರಲ್ಲಿ. ದಾರಿ ಮಾಡಿಕೊಟ್ಟ ಮಾರಿಯೋ ಕಪೆಕಿ, ಮಾರ್ಟಿನ್ ಇವಾನ್ಸ್, ಆಲಿವರ್ ಸ್ಮಿಥೀಸ್ ಮೂವರಿಗೂ 2007ರ ನೊಬೆಲ್ ಸಂದಿತು. ಕಪೆಕಿ ಎರಡನೆಯ ಮಹಾಯುದ್ಧದ ದಿನಗಳಲ್ಲಿ ಇಟಲಿಯ ಬೀದಿಗಳಲ್ಲಿ ಹಸಿದು ಅಲೆದಿದ್ದ ಹುಡುಗ. ಅವರ ಯೋಜನೆ ಕೈಗೂಡದು ಎಂದು 1980ರಲ್ಲಿ ಅನುದಾನ ನಿರಾಕರಿಸಲಾಗಿತ್ತು. ಅವರು ಕೆಲಸ ನಿಲ್ಲಿಸಲಿಲ್ಲ.

7. ಜೀನ್ ತಿದ್ದಿದ್ದು ಫಲಿಸಿತೇ ಎಂಬುದರ ಮೊದಲ ಸುಳಿವು ಮರಿಯ ತುಪ್ಪಳದಲ್ಲೇ ಕಾಣುವಂತೆ ಹಳೆಯ ಪ್ರಯೋಗಶಾಲೆಗಳು ಉಪಾಯ ಮಾಡಿದ್ದವು. ಕಂದು ಇಲಿಯ ಭ್ರೂಣದ ಆಕರಕೋಶಗಳಲ್ಲಿ ಜೀನ್ ಕೆಡಿಸಿ, ಅವನ್ನು ಕಪ್ಪು ಇಲಿಯ ಎಳೆಯ ಭ್ರೂಣದೊಳಗೆ ಸೂಜಿಯಿಂದ ಸೇರಿಸುತ್ತಾರೆ. ಹುಟ್ಟಿದ ಮರಿಯ ಮೈಯಲ್ಲಿ ಕಪ್ಪು ಕಂದು ಮಚ್ಚೆಗಳು ಬೆರೆತಿದ್ದರೆ ತಿದ್ದಿದ ಕೋಶಗಳು ಬೇರು ಬಿಟ್ಟಿವೆ ಎಂದರ್ಥ. ಕಂದು ಹೆಚ್ಚಿದಷ್ಟೂ ಭರವಸೆ ಹೆಚ್ಚು. ಮುಂದಿನ ತಲೆಮಾರಿನಲ್ಲಿ ಆ ತಿದ್ದುಪಡಿ ಮರಿಗಳಿಗೆ ಇಳಿದರೆ ಒಂದು ತಳಿ ಸಿದ್ಧ.

8. ಪ್ರಯೋಗಶಾಲೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ‘ಸಿ57 ಬ್ಲ್ಯಾಕ್ 6’ ಎಂಬ ಕಪ್ಪು ಇಲಿಯ ಮೂಲ ತಳಿಯನ್ನು ಕ್ಲಾರೆನ್ಸ್ ಕುಕ್ ಲಿಟಲ್ 1921ರಲ್ಲಿ ರೂಪಿಸಿದರು. ಅವರೇ 1929ರಲ್ಲಿ ಅಮೆರಿಕದ ಮೇನ್ ರಾಜ್ಯದಲ್ಲಿ ಜಾಕ್ಸನ್ ಪ್ರಯೋಗಶಾಲೆ ಕಟ್ಟಿದರು. 2002ರಲ್ಲಿ ಪ್ರಕಟವಾದ ಇಲಿಯ ಜೀನೋಮ್ ನಕ್ಷೆ ಈ ತಳಿಯದೇ. ಪಟಪೂಟಿಯನ್ ತಂಡದ ಪೀಜೋ-2 ಇಲಿಗಳನ್ನು ಇವತ್ತು ಜಗತ್ತಿನ ಸಂಶೋಧಕರು ಜಾಕ್ಸನ್ ಪ್ರಯೋಗಶಾಲೆಯಿಂದಲೇ ತರಿಸಿಕೊಳ್ಳುತ್ತಾರೆ.

9. ಪೀಜೋ-2 ಪೂರ್ತಿ ಇಲ್ಲದ ಮರಿ ಹುಟ್ಟಿದ ಒಂದು ದಿನದೊಳಗೆ ಸಾಯುತ್ತದೆ. ಸ್ಪರ್ಶ ಪರೀಕ್ಷಿಸಲು ಹೊರಟವರಿಗೆ ಇದು ದೊಡ್ಡ ಅಡ್ಡಿಯಾಯಿತು. ಮುಟ್ಟಿದ್ದು ತಿಳಿಯದಿದ್ದರೆ ಜೀವವೇ ಏಕೆ ಹೋಗಬೇಕು? ಈ ಪ್ರಶ್ನೆಗೆ ಉತ್ತರ ಸಿಗಲು 2017ರವರೆಗೆ ಕಾಯಬೇಕಾಯಿತು. ಅದು 20ನೇ ಸಂಗತಿಯಲ್ಲಿದೆ.

10. ಸಾವಿನ ಅಡ್ಡಿ ದಾಟಲು ನೆರವಾದದ್ದು ಬ್ಯಾಕ್ಟೀರಿಯಾಗಳನ್ನು ಮುತ್ತುವ ಪಿ1 ಎಂಬ ವೈರಸ್. ಅದರ ‘ಕ್ರೀ’ ಎಂಬ ಕಿಣ್ವ ಡಿಎನ್‌ಎಯಲ್ಲಿ ‘ಲಾಕ್ಸ್-ಪಿ’ ಗುರುತುಗಳು ಎಲ್ಲಿವೆಯೋ ಹುಡುಕಿ, ನಡುವಿನ ಭಾಗವನ್ನು ಕತ್ತರಿಸಿ ಎಸೆಯುತ್ತದೆ. ಒಂದು ಇಲಿಯಲ್ಲಿ ಪೀಜೋ-2 ಜೀನಿನ ಒಂದು ಭಾಗದ ಅಕ್ಕಪಕ್ಕ ಈ ಗುರುತು ಇಡುತ್ತಾರೆ. ಇನ್ನೊಂದರಲ್ಲಿ ಕ್ರೀ ಕಿಣ್ವ ಸಂವೇದನಾ ನರಗಳಲ್ಲಿ ಮಾತ್ರ ತಯಾರಾಗುವಂತೆ ಮಾಡುತ್ತಾರೆ. ಎರಡನ್ನೂ ಕೂಡಿಸಿದರೆ, ಬೇಕಾದ ಜಾಗದಲ್ಲಷ್ಟೇ ಜೀನ್ ಕಳೆದುಕೊಂಡ ಮರಿ ಹುಟ್ಟುತ್ತದೆ.

11. ಜಾಗದ ಜೊತೆಗೆ ಹೊತ್ತನ್ನೂ ಗೊತ್ತುಮಾಡಬಹುದು. ಸ್ತನ ಕ್ಯಾನ್ಸರಿಗೆ ಕೊಡುವ ಟಮಾಕ್ಸಿಫೆನ್ ಔಷಧಿ ಕೊಟ್ಟ ಮೇಲೆಯೇ ಕತ್ತರಿಸುವ ಕ್ರೀ ಕೂಡ ಇದೆ. ಇಲಿ ಆರೋಗ್ಯವಾಗಿ ಬೆಳೆದು ದೊಡ್ಡದಾದ ಮೇಲೆ ಔಷಧಿ ಕೊಟ್ಟು ಅದರ ಸ್ಪರ್ಶವನ್ನು ತೆಗೆಯಬಹುದು. 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಹೆಸರಾಂತ ಅಧ್ಯಯನ ನಡೆದದ್ದು ಇಂಥ ಇಲಿಗಳ ಮೇಲೆ.

ಮಾತಾಡದ ಇಲಿಯನ್ನು ಕೇಳುವುದು ಹೇಗೆ?

12. ಅಂಟುಪಟ್ಟಿ ಪರೀಕ್ಷೆ. ಇಲಿಯ ಬೆನ್ನಿಗೆ ಅಂಟುಪಟ್ಟಿಯ ಒಂದು ತುಣುಕು ಮೆತ್ತಿ ಬಿಟ್ಟರೆ, ಮಾಮೂಲಿ ಇಲಿಗೆ ನಿಂತಲ್ಲಿ ನಿಲ್ಲಲಾಗದು: ಮೈ ಕೊಡವುತ್ತದೆ, ಕತ್ತು ತಿರುಗಿಸುತ್ತದೆ, ಕಾಲೆತ್ತಿ ಕೆರೆಯುತ್ತದೆ. ಪೀಜೋ-2 ತೆಗೆದ ಇಲಿಗಳು ಅದನ್ನು ಹೆಚ್ಚೇನೂ ಗಮನಿಸಲಿಲ್ಲ. ಅಂಗಾಲಿಗೆ ಹತ್ತಿಯ ಎಳೆ ಸವರಿದಾಗಲೂ ಅಷ್ಟೇ. ಮಾಮೂಲಿ ಇಲಿ ಕಾಲು ಎತ್ತುವ ಕಡೆ ಇವುಗಳ ಕಾಲು ಬಹಳ ಸಲ ಇದ್ದಲ್ಲೇ ಇತ್ತು.

13. ಅದೇ ಇಲಿಗಳಿಗೆ ಬಿಸಿ ತಗುಲಿದರೆ ತಿಳಿಯುತ್ತಿತ್ತು. ಜೋರಾಗಿ ಚಿವುಟಿದರೆ ನೋವೂ ಬಹುಮಟ್ಟಿಗೆ ಉಳಿದಿತ್ತು. ಹಗುರವಾದ ಸ್ಪರ್ಶಕ್ಕೆ ಒಂದು ದಾರಿ, ಬಿಸಿಗೆ ಮತ್ತೊಂದು, ತೀವ್ರ ನೋವಿಗೆ ಇನ್ನೊಂದು ಎಂಬುದು ಹೀಗೆ ಖಚಿತವಾಯಿತು.

14. ಅಂಗಾಲಿಗೆ ಒತ್ತುವ ಸಣ್ಣ ಎಳೆಗಳ ಪರೀಕ್ಷೆಗೆ ನೂರಕ್ಕೂ ಹೆಚ್ಚು ವರ್ಷ. ಜರ್ಮನಿಯ ಮ್ಯಾಕ್ಸ್ ಫಾನ್ ಫ್ರೇ 1896ರ ಸುಮಾರಿಗೆ ಕುದುರೆಯ ಕೂದಲು, ಮನುಷ್ಯರ ಕೂದಲುಗಳನ್ನು ಕಡ್ಡಿಗೆ ಅಂಟಿಸಿ ಚರ್ಮದ ಸೂಕ್ಷ್ಮತೆ ಅಳೆದರು. ಒತ್ತಿದಾಗ ಕೂದಲು ಬಾಗುತ್ತದೆ. ಬಾಗಿದ ಮೇಲೆ ಬಲ ಹೆಚ್ಚುವುದಿಲ್ಲ. ಒಂದೊಂದು ದಪ್ಪಕ್ಕೆ ಒಂದೊಂದು ಬಲ. ಈಗ ಕೂದಲಿನ ಜಾಗದಲ್ಲಿ ನೈಲಾನ್ ಎಳೆ ಬಂದಿದೆ, ಪರೀಕ್ಷೆಗೆ ಇಂದಿಗೂ ಫಾನ್ ಫ್ರೇ ಹೆಸರೇ.

15. ಹುಳುವಿಗೆ ಹುಬ್ಬಿನ ಕೂದಲು! 302 ನರಕೋಶಗಳಷ್ಟೇ ಇರುವ ಸಿ. ಎಲಿಗನ್ಸ್ ಎಂಬ ದುಂಡುಹುಳುವಿನ ಸ್ಪರ್ಶವನ್ನು ಪರೀಕ್ಷಿಸಲು ಹುಬ್ಬಿನ ಕೂದಲೊಂದನ್ನು ಕಡ್ಡಿಯ ತುದಿಗೆ ಅಂಟಿಸಿ ಮೆಲ್ಲಗೆ ಸವರುತ್ತಾರೆ. ಸವರಿದಾಗ ಹಿಂಜರಿಯದ ಹುಳುಗಳನ್ನು ಹೆಕ್ಕಿ ಹೆಕ್ಕಿ ಮಾರ್ಟಿನ್ ಚಾಲ್ಫಿ ಸ್ಪರ್ಶದ ಜೀನ್‌ಗಳ ಇಡೀ ಗುಂಪನ್ನೇ ಪತ್ತೆಮಾಡಿದರು. 1994ರಲ್ಲಿ ಅವರು ಹಸಿರಾಗಿ ಹೊಳೆಯುವ ಜಿಎಫ್‌ಪಿ ಪ್ರೋಟೀನನ್ನು ಇಟ್ಟು ಬೆಳಗಿಸಿದ್ದೂ ಇದೇ ಹುಳುವಿನ ಸ್ಪರ್ಶ ನರಗಳನ್ನು. 2008ರ ನೊಬೆಲ್ ಬಂದದ್ದು ಆ ಕೆಲಸಕ್ಕೆ.

ಚರ್ಮದ ಒಳಗೆ

16. ಬೆರಳ ತುದಿಯಲ್ಲಿ ಅಂಚು, ಮೂಲೆ, ಉಬ್ಬು ಗುರುತಿಸಲು ನೆರವಾಗುವ ಮರ್ಕೆಲ್ ಕೋಶಗಳನ್ನು ಜರ್ಮನಿಯ ಫ್ರೀಡ್ರಿಷ್ ಮರ್ಕೆಲ್ 1875ರಲ್ಲಿ ವರ್ಣಿಸಿದರು. ಅವು ನಿಜಕ್ಕೂ ಸ್ಪರ್ಶ ಹಿಡಿಯುತ್ತವೆಯೇ, ಇಲ್ಲಾ ನರಕ್ಕೆ ಒತ್ತಾಸೆಯಾಗಿ ಕೂತಿವೆಯೇ ಎಂಬ ವಾದ ನೂರು ವರ್ಷಕ್ಕೂ ಮೀರಿ ನಡೆಯಿತು. 2009ರಲ್ಲಿ ಮರ್ಕೆಲ್ ಕೋಶಗಳೇ ಇಲ್ಲದ ಇಲಿ ಬಂತು. ಅದರ ನರಗಳಲ್ಲಿ ಅಂಚು, ಉಬ್ಬು ತಿಳಿಸುವ ಬಗೆಯ ಮಿಡಿತ ಕಾಣಲಿಲ್ಲ. 2014ರಲ್ಲಿ ಚರ್ಮದ ಕೋಶಗಳಲ್ಲಷ್ಟೇ ಪೀಜೋ-2 ತೆಗೆದ ಇಲಿ ಉಳಿದ ಉತ್ತರ ಕೊಟ್ಟಿತು: ಮರ್ಕೆಲ್ ಕೋಶವೂ ಹಿಡಿಯುತ್ತದೆ, ಪಕ್ಕದ ನರದ ತುದಿಯೂ ಹಿಡಿಯುತ್ತದೆ. ಕೋಶದಲ್ಲಿ ಪೀಜೋ-2 ಇಲ್ಲದಿದ್ದರೆ, ಒತ್ತಿ ಹಿಡಿದಷ್ಟು ಹೊತ್ತೂ ಮುಂದುವರಿಯಬೇಕಾದ ಮಿಡಿತ ಸೊರಗುತ್ತದೆ.

17. ಕಂಪನವನ್ನು ಹಿಡಿಯುವ ಪದರ ಪದರದ ಪಾಚಿನಿ ಕಾಯಗಳನ್ನು ಮೊದಲು ಕಂಡದ್ದು ಇಟಲಿಯ ವೈದ್ಯಕೀಯ ವಿದ್ಯಾರ್ಥಿ ಫಿಲಿಪ್ಪೊ ಪಾಚಿನಿ, 1831ರಲ್ಲಿ, ಶವದ ಕೈಯನ್ನು ಬಿಡಿಸುವಾಗ. 1854ರಲ್ಲಿ ಕಾಲರಾ ರೋಗಾಣುವನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸಿದವರೂ ಇದೇ ಪಾಚಿನಿ.

18. ಬೆರಳಿನ ಮೈಸ್ನರ್ ಕಾಯಗಳು ಹೊರಜಗತ್ತಿಗೆ ಗೊತ್ತಾದದ್ದು 1852ರಲ್ಲಿ. ಅವು ಇಲ್ಲದ ಇಲಿಗಳನ್ನು ಬೆಳೆಸಿ ನೋಡಿದ್ದು 2020ರಲ್ಲಿ. ಆ ಇಲಿಗಳಿಗೆ ತೀರಾ ಹಗುರವಾದ ಒತ್ತಡ ತಿಳಿಯುತ್ತಿರಲಿಲ್ಲ.

19. ಇಲಿಗೆ ಮೀಸೆಯೇ ಬೆರಳು. ಕತ್ತಲಲ್ಲಿ ಅದನ್ನು ಸರಸರನೆ ಆಡಿಸುತ್ತ ದಾರಿ ಹುಡುಕುತ್ತದೆ. ಮಿದುಳಿನ ಹೊರಪದರದಲ್ಲಿ ಒಂದೊಂದು ದೊಡ್ಡ ಮೀಸೆಗೂ ಒಂದೊಂದು ಪ್ರತ್ಯೇಕ ಕೋಶಗುಚ್ಛವಿದೆ ಎಂಬುದು 1970ರಲ್ಲಿ ತಿಳಿಯಿತು. ಮೀಸೆಗಳ ಸಾಲು ಹೇಗೋ, ಮಿದುಳಿನ ಗುಚ್ಛಗಳ ಸಾಲೂ ಹಾಗೆಯೇ.

ಚರ್ಮದ ಆಚೆ

20. ಮರಿ ಸಾಯಲು ಕಾರಣ ಶ್ವಾಸಕೋಶ. ಹುಟ್ಟಿದೊಡನೆ ಗಾಳಿ ತುಂಬಿ ಅರಳಬೇಕಾದ ಶ್ವಾಸಕೋಶ, ಪೀಜೋ-2 ಇಲ್ಲದ ಮರಿಗಳಲ್ಲಿ ಸರಿಯಾಗಿ ಅರಳುತ್ತಿರಲಿಲ್ಲ. ದೊಡ್ಡ ಇಲಿಗಳ ಸಂವೇದನಾ ನರಗಳಿಂದ ಪೀಜೋ-2 ತೆಗೆದಾಗ ಅವು ಒಂದೊಂದು ಉಸಿರಿಗೂ ಹೆಚ್ಚು ಗಾಳಿ ಎಳೆದುಕೊಂಡವು. ಶ್ವಾಸಕೋಶ ತುಂಬಿತು, ಇನ್ನು ಸಾಕು ಎಂದು ಹೇಳುವ ಪ್ರತಿವರ್ತನೆಯನ್ನು ಹೆರಿಂಗ್ ಮತ್ತು ಬ್ರಾಯರ್ 1868ರಲ್ಲೇ ವಿವರಿಸಿದ್ದರು. ಅದರ ಹಿಂದಿರುವ ಪ್ರೋಟೀನ್ ಯಾವುದೆಂದು ತಿಳಿದದ್ದು ಸುಮಾರು 150 ವರ್ಷದ ಮೇಲೆ, 2017ರಲ್ಲಿ.

21. ಕಣ್ಣು ಮುಚ್ಚಿಕೊಂಡು ಮೂಗಿನ ತುದಿ ಮುಟ್ಟಿ ನೋಡಿ. ಕೈ ಎಲ್ಲಿದೆಯೆಂದು ನೋಡದೆಯೇ ನಿಮಗೆ ಗೊತ್ತು. ಸ್ನಾಯು ಎಷ್ಟು ಎಳೆದಿದೆ ಎಂದು ಹೇಳುವ ಈ ಒಳ ಅರಿವೂ ಪೀಜೋ-2ರದ್ದೇ ಎಂದು 2015ರಲ್ಲಿ ಸಾಬೀತಾಯಿತು. ಸ್ನಾಯುವಿನ ನರಗಳಲ್ಲಷ್ಟೇ ಅದನ್ನು ಕಳೆದುಕೊಂಡ ಇಲಿಗಳ ಕಾಲುಗಳು ಹಿಡಿತ ತಪ್ಪಿ ಎತ್ತೆತ್ತಲೋ ಹೋಗುತ್ತಿದ್ದವು. ಸ್ನಾಯುಗಳಲ್ಲಿ ಬಲವಿತ್ತು, ಕಾಲಿನ ಸುದ್ದಿ ಮಿದುಳಿಗೆ ಮುಟ್ಟುತ್ತಿರಲಿಲ್ಲ.

22. ಬೆನ್ನುಮೂಳೆ ಸೊಟ್ಟಗಾಗಲು ನರವೂ ಕಾರಣವಾಗಬಹುದು! ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ತಂಡ 2020ರಲ್ಲಿ ತೋರಿಸಿದ್ದು ಇದನ್ನು. ಮೂಳೆಯಲ್ಲಿ ಪೀಜೋ-2 ತೆಗೆದರೆ ಬೆನ್ನು ನೆಟ್ಟಗೇ ಇತ್ತು. ಮೈಯ ಭಂಗಿಯನ್ನು ತಿಳಿಸುವ ನರಗಳಲ್ಲಿ ತೆಗೆದಾಗ ಇಲಿಯ ಬೆನ್ನು ಬಾಗಿತು, ಸೊಂಟದ ಕೀಲು ಕೆಟ್ಟಿತು. ಬೆಳೆಯುವ ಮೈ ತನ್ನನ್ನು ತಾನೇ ತಿಳಿಯುತ್ತ ತಿದ್ದಿಕೊಳ್ಳಬೇಕು. ಆ ಅರಿವು ಇಲ್ಲವಾದರೆ ಮೂಳೆಯೂ ದಾರಿ ತಪ್ಪುತ್ತದೆ.

23. ರಕ್ತದೊತ್ತಡ ಏರಿದಾಗ ತಕ್ಷಣ ಮಿದುಳಿಗೆ ತಿಳಿಸುವ ಕತ್ತಿನ ಹತ್ತಿರದ ನರಗಳಲ್ಲಿ ಪೀಜೋ-1 ಮತ್ತು ಪೀಜೋ-2 ಎರಡೂ ಕೈಜೋಡಿಸುತ್ತವೆ. ಎರಡನ್ನೂ ತೆಗೆದ ಇಲಿಗಳಲ್ಲಿ ಆ ಪ್ರತಿವರ್ತನೆ ಕೈಕೊಟ್ಟಿತು. ಇದು 2018ರ ಅಧ್ಯಯನ.

24. ಕರುಳಿನಲ್ಲಿ ಆಹಾರ ಎಷ್ಟು ಬೇಗ ಸಾಗಬೇಕೆಂಬುದರ ಮೇಲೂ ಪೀಜೋ-2ರ ಹಿಡಿತವಿದೆ. ಸಂವೇದನಾ ನರಗಳಲ್ಲಿ ಅದಿಲ್ಲದ ಇಲಿಗಳ ಕರುಳಿನಲ್ಲಿ ಆಹಾರ ಬೇಗ ಬೇಗ ಜಾರಿಹೋಯಿತು ಎಂದು 2023ರಲ್ಲಿ ವರದಿಯಾಯಿತು.

ಮನುಷ್ಯರಿಗೆ ಸಿಕ್ಕ ಉತ್ತರ

25. ಹುಟ್ಟಿನಿಂದಲೇ ಪೀಜೋ-2 ಕೆಲಸ ಮಾಡದ ಮನುಷ್ಯರೂ ಇದ್ದಾರೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಅಲೆಕ್ಸಾಂಡರ್ ಚೆಸ್ಲರ್ ಮತ್ತು ಕಾರ್ಸ್ಟನ್ ಬೊನ್ನೆಮಾನ್ ಅವರ ತಂಡ 2016ರಲ್ಲಿ 9 ಮತ್ತು 19 ವರ್ಷದ ಇಬ್ಬರ ಬಗ್ಗೆ ಬರೆಯಿತು. ಇಬ್ಬರಿಗೂ ಬೆನ್ನುಮೂಳೆ ಬಾಗಿತ್ತು, ಸೊಂಟದ ಕೀಲಿನ ತೊಂದರೆಯಿತ್ತು. ಶ್ರುತಿಕವೆಯನ್ನು ಮೀಟಿ ಮೈಗೆ ಮುಟ್ಟಿಸಿದರೆ ಕಂಪನ ತಿಳಿಯುತ್ತಿರಲಿಲ್ಲ. ಕಣ್ಣು ಮುಚ್ಚಿ ಬೆರಳನ್ನು ಮೇಲಕ್ಕೋ ಕೆಳಕ್ಕೋ ಬಾಗಿಸಿದರೆ ಯಾವ ಕಡೆಗೆ ಎಂದು ಹೇಳಲಾಗುತ್ತಿರಲಿಲ್ಲ. ಕಣ್ಣು ಬಿಟ್ಟು ನಡೆಯುವ ಅವರು ಕಣ್ಣಿಗೆ ಪಟ್ಟಿ ಕಟ್ಟಿದೊಡನೆ ತಡವರಿಸುತ್ತಿದ್ದರು.

26. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಇಂಥವರಲ್ಲಿ ಎಷ್ಟೋ ಜನ ತಮ್ಮ ಕಾಯಿಲೆಗೆ ಹೆಸರೇ ಇಲ್ಲದೆ ಬೆಳೆದವರು. ನಡಿಗೆ ತಡವಾಯಿತು, ಕೈಗೆ ಹಿಡಿತವಿಲ್ಲ, ಬೆನ್ನು ಬಾಗಿದೆ ಎಂದು ಬೇರೆ ಬೇರೆ ವೈದ್ಯರಲ್ಲಿಗೆ ಅಲೆದ ಮನೆಮಂದಿಗೆ, ಎಲ್ಲದರ ಬೇರು ಒಂದೇ ಎಂದು ಹೇಳಲು ಸಾಧ್ಯವಾದದ್ದು ಇಲಿಯ ಅಧ್ಯಯನಗಳಿಂದ. ಇಲಿಯ ಕಾಲು ಹಾಗೇಕೆ ಸೋಲುತ್ತದೆಂದು ಗೊತ್ತಿದ್ದರಿಂದಲೇ ಮಗುವಿನ ಕಾಲೂ ಅರ್ಥವಾಯಿತು.

27. ಮೂತ್ರಕೋಶ ತುಂಬಿದ್ದು ನಿಮಗೆ ಹೇಗೆ ಗೊತ್ತಾಗುತ್ತದೆ? ಅದರ ಗೋಡೆ ಹಿಗ್ಗಿದ್ದನ್ನು ಪೀಜೋ-2 ತಿಳಿಸುತ್ತದೆ. ಪೀಜೋ-2 ಕೆಟ್ಟಿರುವ ಕೆಲವರಿಗೆ ಆ ಒತ್ತಡ ಸರಿಯಾಗಿ ತಿಳಿಯದು. ಅವರು ಗಡಿಯಾರ ನೋಡಿ ಹೊತ್ತಿಗೆ ಸರಿಯಾಗಿ ಹೋಗಿಬರುವ ಅಭ್ಯಾಸ ಮಾಡಿಕೊಂಡಿದ್ದಾರೆ. ಇಲಿ ಮತ್ತು ಮನುಷ್ಯ ಇಬ್ಬರನ್ನೂ ಒಟ್ಟಿಗೆ ಪರೀಕ್ಷಿಸಿದ ಈ ಅಧ್ಯಯನ 2020ರಲ್ಲಿ ಬಂತು.

28. ಬಿಸಿಲಿಗೆ ಚರ್ಮ ಸುಟ್ಟಾಗ ಅಂಗಿ ತಾಗಿದರೂ ಉರಿಯುತ್ತದಲ್ಲ, ಆ ನೋವಿಗೂ ಪೀಜೋ-2 ಬೇಕು. ಸಂಶೋಧಕರು ಚರ್ಮಕ್ಕೆ ಮೆಣಸಿನ ಖಾರದ ಸತ್ವವಾದ ಕ್ಯಾಪ್ಸೈಸಿನ್ ಕೊಟ್ಟು ನೋಡಿದರು. ಮಾಮೂಲಿ ಜನರಿಗೆ ಸುತ್ತಲ ಚರ್ಮವನ್ನು ಹಗುರವಾಗಿ ಸವರಿದರೂ ನೋವಾಯಿತು. ಪೀಜೋ-2 ಇಲ್ಲದವರಿಗೆ ಆಗಲಿಲ್ಲ. ಇಲಿಗಳಲ್ಲೂ ಹಾಗೆಯೇ. ನರ ಕೆಟ್ಟು ಬಟ್ಟೆಯ ಸೋಂಕನ್ನೂ ತಾಳಲಾರದೆ ನರಳುವವರಿಗೆ ಔಷಧಿ ಹುಡುಕುವವರು 2018ರ ಈ ಫಲಿತಾಂಶವನ್ನು ಆಸೆಯಿಂದ ನೋಡುತ್ತಿದ್ದಾರೆ.

29. ಪೀಜೋ-2 ಅತಿಯಾದರೂ ಕಷ್ಟವೇ. ಕಿಂಡಿ ಬೇಗ ಮುಚ್ಚದಂತೆ ಮಾಡುವ ಜೀನ್ ದೋಷಗಳಿದ್ದರೆ ಕೈಕಾಲಿನ ಕೀಲುಗಳು ಹುಟ್ಟಿನಿಂದಲೇ ಬಿಗಿದುಕೊಂಡಿರುತ್ತವೆ. ಅದೇ ದೋಷವನ್ನು ಇಲಿಗಳಲ್ಲಿ ತಂದಾಗ ಅವಕ್ಕೂ ಕೀಲು ಬಿಗಿಯಿತು. ಮರಿಗಳಾಗಿದ್ದಾಗಲೇ ಬೋಟಾಕ್ಸ್ ಚುಚ್ಚಿದರೆ ಅಥವಾ ಆಹಾರದಲ್ಲಿ ಒಂದು ಕೊಬ್ಬಿನಾಮ್ಲ ಸೇರಿಸಿದರೆ ತೊಂದರೆ ತಗ್ಗಿತು ಎಂದು 2023ರಲ್ಲಿ ಪ್ರಕಟವಾಯಿತು.

ಪೀಜೋ ಒಂದೇ ಅಲ್ಲ

30. ಬರ್ಲಿನ್‌ನಲ್ಲಿ ಗ್ಯಾರಿ ಲೆವಿನ್ ಅವರ ತಂಡ ಪೀಜೋ ಪತ್ತೆಯಾಗುವ ಮೊದಲೇ, 2007ರಲ್ಲಿ, ಮತ್ತೊಂದು ನಾಕೌಟ್ ಇಲಿಯನ್ನು ತೋರಿಸಿತ್ತು. ದುಂಡುಹುಳುವಿನ ಸ್ಪರ್ಶ ಜೀನ್ ಒಂದರ ಹೋಲಿಕೆ ಹಿಡಿದು ಹೊರಟ ಅವರಿಗೆ ಸಿಕ್ಕಿದ್ದು ‘ಸ್ಟೋಮೆಲ್-3’. ಅದಿಲ್ಲದ ಇಲಿಗಳ ಚರ್ಮದ ಸ್ಪರ್ಶ ನರಗಳಲ್ಲಿ ನೂರಕ್ಕೆ ಸುಮಾರು 35 ಒತ್ತಡಕ್ಕೆ ಮಿಡಿಯಲೇ ಇಲ್ಲ. ಈ ಪ್ರೋಟೀನ್ ಕಿಂಡಿಯ ಸೂಕ್ಷ್ಮತೆಯನ್ನು ಹೆಚ್ಚಿಸುವ ಸಹಾಯಕ ಎಂಬುದು ಆಮೇಲೆ ಗೊತ್ತಾಯಿತು. ಅದನ್ನು ತಡೆಯುವ ಸಣ್ಣ ರಾಸಾಯನಿಕವೊಂದನ್ನೂ ಅದೇ ತಂಡ 2017ರಲ್ಲಿ ಪರಿಚಯಿಸಿತು.

31. ಪೀಜೋ-2 ತೆಗೆದರೂ ಒಂದಷ್ಟು ಸ್ಪರ್ಶ ಉಳಿಯುತ್ತಿತ್ತು. ಉಳಿದದ್ದು ಯಾರ ಕೆಲಸ? 2024ರಲ್ಲಿ ಲೆವಿನ್ ತಂಡವೇ ‘ಎಲ್ಕಿನ್-1’ ಎಂಬ ಇನ್ನೊಂದು ಕಿಂಡಿಯನ್ನು ಮುಂದಿಟ್ಟಿತು. ಅದಿಲ್ಲದ ಇಲಿಗಳಲ್ಲಿ ಹಗುರ ಸ್ಪರ್ಶದ ನರಗಳಲ್ಲಿ ಅರ್ಧದಷ್ಟು ಮಂಕಾದವು.

32. ಇನ್ನು ಕೆಲವು ಇಲಿಗಳಲ್ಲಿ ಸ್ಪರ್ಶ ಹೆಚ್ಚಾಗಿ ಕಾಡುತ್ತದೆ. ಆಟಿಸಂ ಜೊತೆ ನಂಟಿರುವ ಕೆಲವು ಜೀನ್‌ಗಳನ್ನು ಮಿದುಳಿನಲ್ಲಿ ಮುಟ್ಟದೆ, ಚರ್ಮದ ಸುದ್ದಿ ಒಯ್ಯುವ ನರಗಳಲ್ಲಷ್ಟೇ ಲಾರೆನ್ ಒರೆಫಿಸ್ ಮತ್ತು ಡೇವಿಡ್ ಗಿಂಟಿ ತೆಗೆದು ನೋಡಿದರು. ಎಳವೆಯಲ್ಲಿ ತೆಗೆದಾಗ ಇಲಿಗಳಿಗೆ ಹಗುರ ಸ್ಪರ್ಶವೂ ಅಸಹನೀಯವಾಯಿತು. ಆತಂಕ ಹೆಚ್ಚಿತು, ಜೊತೆ ಇಲಿಗಳೊಡನೆ ಬೆರೆಯುವುದು ಕಡಿಮೆಯಾಯಿತು. ದೊಡ್ಡವಾದ ಮೇಲೆ ತೆಗೆದಾಗ ಸ್ಪರ್ಶದ ತೊಂದರೆಯಷ್ಟೇ ಬಂತು. ಬಟ್ಟೆಯ ಹೊಲಿಗೆ ತಾಗಿದರೂ ಅಳುವ ಮಗು ಹಟ ಮಾಡುತ್ತಿಲ್ಲ, ಅದಕ್ಕೆ ನಿಜಕ್ಕೂ ತ್ರಾಸವಾಗುತ್ತಿರಬಹುದು ಎಂದು ತಿಳಿಯಲು 2016ರ ಈ ಕೆಲಸ ದಾರಿಮಾಡಿತು.

33. ಕೆಸರಿನಲ್ಲಿ ಕೊಕ್ಕಿನಿಂದಲೇ ತಡಕಿ ಆಹಾರ ಹುಡುಕುವ ಬಾತುಕೋಳಿಯ ಮುಖದ ನರಗಳಲ್ಲಿ ಪೀಜೋ-2 ಹೇರಳವಾಗಿದೆ. ಇಲಿಗೆ ಮೀಸೆಯಲ್ಲಿ, ನಮಗೆ ಬೆರಳಲ್ಲಿ ಕೆಲಸ ಮಾಡುವ ಪ್ರೋಟೀನ್ ಅದಕ್ಕೆ ಕೊಕ್ಕಿನಲ್ಲಿ.

ನಮ್ಮ ಹತ್ತಿರಕ್ಕೆ

34. ಜೀನ್ ತಿದ್ದಿದ ಇಲಿಗಳನ್ನು ರೂಪಿಸುವ ಸೌಲಭ್ಯ ಬೆಂಗಳೂರಿನಲ್ಲೂ ಇದೆ, ಜಿಕೆವಿಕೆ ಆವರಣದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ. ಭಾರತದಲ್ಲಿ ಇಂಥ ಕೆಲಸಕ್ಕೆ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಕಟ್ಟುಪಾಡುಗಳಿವೆ. ನೈತಿಕ ಸಮಿತಿಯ ಒಪ್ಪಿಗೆಯಿಲ್ಲದೆ ಪ್ರಯೋಗ ನಡೆಸುವಂತಿಲ್ಲ. ಬೇರೆ ದಾರಿಯಿದ್ದರೆ ಪ್ರಾಣಿ ಬಳಸಬಾರದು, ಬಳಸುವುದಾದರೆ ಆದಷ್ಟು ಕಡಿಮೆ, ಅದೂ ನೋವು ತಗ್ಗಿಸಿ: ರಸೆಲ್ ಮತ್ತು ಬರ್ಚ್ 1959ರಲ್ಲಿ ಮುಂದಿಟ್ಟ ಈ ಮೂರು ಕಟ್ಟಳೆಗಳನ್ನು ಇಂದು ಜಗತ್ತೇ ಒಪ್ಪಿದೆ. ಇಷ್ಟೊಂದನ್ನು ಕಲಿಸಿದ ಪ್ರಾಣಿಗೆ ನಾವು ಸಲ್ಲಿಸಬೇಕಾದ ಕನಿಷ್ಠ ಋಣ ಅದು.

35. ಇಲಿಯ ಅಂಗಾಲಿಗೆ ಒತ್ತುವ ನೈಲಾನ್ ಎಳೆಯ ಪರೀಕ್ಷೆ ನಿಮಗೂ ಆಗಬೇಕಾದೀತು. ಸಕ್ಕರೆ ಕಾಯಿಲೆ ಇರುವವರ ಪಾದದಲ್ಲಿ ಸ್ಪರ್ಶ ಉಳಿದಿದೆಯೇ ಎಂದು ವೈದ್ಯರು ನೋಡುವುದು 10 ಗ್ರಾಂ ಒತ್ತಡದ ಅಂಥದ್ದೇ ಎಳೆಯಿಂದ. ಕುಷ್ಠರೋಗದ ಚಿಕಿತ್ಸೆಯಲ್ಲೂ ನರದ ಸ್ಥಿತಿ ಅಳೆಯಲು ಇಂಥ ಎಳೆಗಳಿವೆ. ಸ್ಪರ್ಶ ಹೋದ ಪಾದಕ್ಕೆ ಮುಳ್ಳು ಚುಚ್ಚಿದ್ದು, ಚಪ್ಪಲಿ ಕಚ್ಚಿದ್ದು ತಿಳಿಯುವುದಿಲ್ಲ. ಗಾಯ ಕೊಳೆತು ಬೆರಳು, ಕಾಲು ಕಳೆದುಕೊಳ್ಳುವವರೆಗೂ ಹೋಗುತ್ತದೆ. ಪರೀಕ್ಷೆಗೆ ಹಿಡಿಯುವುದು ಕೆಲವೇ ನಿಮಿಷ, ನೋವೇ ಇಲ್ಲ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ವರ್ಷಕ್ಕೊಮ್ಮೆಯಾದರೂ ಪಾದದ ಪರೀಕ್ಷೆ ಮಾಡಿಸಿ. ವೈದ್ಯರು ತಾವಾಗಿ ಹೇಳದಿದ್ದರೆ ನೀವೇ ಕೇಳಿ ಮಾಡಿಸಿಕೊಳ್ಳಿ.